ಫ್ರಾಂಕ್‌ಫರ್ಟ್‌ನಿಂದ ಲಿಸ್ಬನ್‌ಗೆ: ವಿಮಾನದ ದೂರ, ಪ್ರಯಾಣದ ಹೊತ್ತು ಲೆಕ್ಕ ಹಾಕುವುದು ಹೇಗೆ?

"ಹೋಗುವಾಗ 2 ಗಂಟೆ 10 ನಿಮಿಷ, ಬರುವಾಗ 4 ಗಂಟೆ. ದಾರಿ ಒಂದೇ ಅಲ್ವಾ, ಯಾಕೆ ಹೀಗೆ?" ಯೂರೋಪಿನ ಎರಡು ಊರುಗಳ ನಡುವೆ ಟಿಕೆಟ್ ನೋಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇನ್ನು ಕೆಲವರು ದೂರವನ್ನು ವಿಮಾನದ ವೇಗದಿಂದ ಭಾಗಿಸುತ್ತಾರೆ, ಬಂದ ಉತ್ತರ ನಂಬಿ ಮುಂದಿನ ರೈಲು ಬುಕ್ ಮಾಡಿಬಿಡುತ್ತಾರೆ. ಆ ರೈಲು ಅವರಿಗೆ ಸಿಗುವುದಿಲ್ಲ.

ಲೆಕ್ಕ ಹೈಸ್ಕೂಲ್ ಮಟ್ಟದ್ದೇ. ಎಲ್ಲರೂ ಎಡವುವುದು ಕ್ರಮದಲ್ಲಿ. ಮೊದಲು ಯಾವ ವಿಮಾನ ನಿಲ್ದಾಣ ಅನ್ನೋದು, ಆಮೇಲೆ ದೂರ, ಆಮೇಲೆ ಆಕಾಶದ ಹೊತ್ತು, ಆಮೇಲೆ ನೆಲದ ಮೇಲಿನ ನಿಮಿಷಗಳು. ಗಡಿಯಾರದ ವ್ಯತ್ಯಾಸ ಇವೆಲ್ಲ ಮುಗಿದ ಮೇಲೆ. ಅದನ್ನು ಮಧ್ಯದಲ್ಲಿ ಎಲ್ಲೋ ತುರುಕಿದರೆ ಎರಡು ಸಲ ಸೇರುತ್ತದೆ, ಇಲ್ಲವೇ ಮರೆತೇ ಹೋಗುತ್ತದೆ.

ಉದಾಹರಣೆಗೆ ಫ್ರಾಂಕ್‌ಫರ್ಟ್–ಲಿಸ್ಬನ್ ದಾರಿ ತೆಗೆದುಕೊಂಡಿದ್ದೇನೆ. ಬೆಂಗಳೂರಿನಿಂದ ಹೊರಟ ನಮ್ಮವರು ಎಷ್ಟೋ ಜನ ಫ್ರಾಂಕ್‌ಫರ್ಟ್‌ನಲ್ಲೇ ವಿಮಾನ ಬದಲಿಸುತ್ತಾರೆ. ಮೇಲಾಗಿ ಈ ದಾರಿಯಲ್ಲಿ ಗಡಿಯಾರ ಒಂದು ಗಂಟೆ ಬದಲಾಗುತ್ತದೆ, ಗಾಳಿಯ ಆಟವೂ ಚೆನ್ನಾಗಿ ಕಾಣುತ್ತದೆ.

## ಏನೇನು ಬೇಕು

ಕಾಗದ, ಪೆನ್ನು. ಫೋನಿನ ಸೈಂಟಿಫಿಕ್ ಕ್ಯಾಲ್ಕುಲೇಟರ್, ಡಿಗ್ರಿ ಮೋಡ್‌ನಲ್ಲಿ. ಪಿನ್ ಹಾಕಿದರೆ ಅಕ್ಷಾಂಶ, ರೇಖಾಂಶ ತೋರಿಸುವ ಯಾವುದಾದರೂ ಮ್ಯಾಪ್. ವಿಮಾನ ಕಂಪನಿಯದೇ ವೇಳಾಪಟ್ಟಿ. ಕೊನೆಗೆ ಉತ್ತರ ತಾಳೆ ನೋಡಲು ಗ್ರೇಟ್ ಸರ್ಕಲ್ ಮ್ಯಾಪರ್ ಥರದ ಒಂದು ತಾಣ. ಆ ತಾಣವನ್ನು ಮೊದಲೇ ತೆರೆಯಬೇಡಿ. ಅದಕ್ಕೆ ತಪ್ಪು ನಿಲ್ದಾಣ ಕೊಟ್ಟರೂ ಅದು ಅಚ್ಚುಕಟ್ಟಾಗಿ ಉತ್ತರ ಕೊಡುತ್ತದೆ.

## ಹಂತ 1: ಊರಿನ ಹೆಸರು ಬಿಡಿ, ನಿಲ್ದಾಣದ ಕೋಡ್ ಬರೆದುಕೊಳ್ಳಿ

ಅತಿ ದೊಡ್ಡ ತಪ್ಪು ಆಗುವುದೇ ಇಲ್ಲಿ. ಟಿಕೆಟ್‌ನಲ್ಲಿ "ಫ್ರಾಂಕ್‌ಫರ್ಟ್" ಅಂತ ಇದ್ದರೆ ಸಾಲದು. ಮುಖ್ಯ ನಿಲ್ದಾಣದ ಕೋಡ್ ಎಫ್‌ಆರ್‌ಎ. ಎಚ್‌ಎಚ್‌ಎನ್ ಅಂತ ಇದ್ದರೆ ಅದು ಫ್ರಾಂಕ್‌ಫರ್ಟ್-ಹಾನ್. ಹೆಸರಿನಲ್ಲಿ ಊರಿದೆ ಅಷ್ಟೇ, ಊರಿನಿಂದ ಸುಮಾರು 120 ಕಿ.ಮೀ. ದೂರ. ವಿಮಾನದ ದೂರದ ಲೆಕ್ಕಕ್ಕಿಂತ ನಿಮ್ಮ ಜೇಬಿಗೂ ಹೊತ್ತಿಗೂ ಇದು ಜಾಸ್ತಿ ಹೊಡೆತ ಕೊಡುತ್ತದೆ.

ಇಂಥವು ಯೂರೋಪಿನ ತುಂಬ ಇವೆ. ಪ್ಯಾರಿಸ್ ಹೆಸರಿನ ಬೋವೆ ನಿಲ್ದಾಣ ಪ್ಯಾರಿಸ್‌ನಿಂದ 80 ಕಿ.ಮೀ.ಗೂ ಆಚೆ. ಮಿಲಾನ್ ಅಂದಾಗ ಮಾಲ್ಪೆನ್ಸಾ, ಲಿನಾಟೆ, ಬೆರ್ಗಾಮೊ ಮೂರರಲ್ಲಿ ಯಾವುದೂ ಆಗಿರಬಹುದು. ಲಂಡನ್ ಹೆಸರು ಹೊತ್ತ ನಿಲ್ದಾಣಗಳು ಆರು. ಹಳೆಯ ಪಟ್ಟಿಗಳ ಬಗ್ಗೆಯೂ ಎಚ್ಚರ: ಬರ್ಲಿನ್‌ನ ಟೇಗಲ್ 2020ರ ನವೆಂಬರ್‌ನಲ್ಲೇ ಬಾಗಿಲು ಹಾಕಿದೆ. ಅದರ ದೂರವನ್ನು ಇನ್ನೂ ತೋರಿಸುವ ಪುಟ ಸಿಕ್ಕಿದರೆ ಆ ಪುಟದ ಬೇರೆ ಅಂಕಿಗಳನ್ನೂ ನಂಬಬೇಡಿ.

ಲಿಸ್ಬನ್ ಈ ವಿಷಯದಲ್ಲಿ ಸುಲಭ. ಇರುವುದು ಒಂದೇ, ಎಲ್‌ಐಎಸ್, ಅದೂ ಊರೊಳಗೇ. ಆದರೆ ಅಲ್ಲಿಂದ ವಾಪಸ್ ಹೊರಡುವಾಗ ಟರ್ಮಿನಲ್ ನೋಡಿಕೊಳ್ಳಿ. ಟರ್ಮಿನಲ್ 2ರಿಂದ ಕಡಿಮೆ ದರದ ಕಂಪನಿಗಳ ವಿಮಾನಗಳು ಹೊರಡುತ್ತವೆ. ಮೆಟ್ರೋ ಇಳಿಯುವುದು ಟರ್ಮಿನಲ್ 1ರ ಹತ್ತಿರ, ಅಲ್ಲಿಂದ ಶಟಲ್ ಬಸ್ ಹತ್ತಬೇಕು.

## ಹಂತ 2: ಅಕ್ಷಾಂಶ, ರೇಖಾಂಶ, ಮತ್ತು ಆ ಒಂದು ಮೈನಸ್ ಗುರುತು

ಎರಡೂ ನಿಲ್ದಾಣದ ಮೇಲೆ ಪಿನ್ ಹಾಕಿ. ಊರಿನ ಮಧ್ಯಕ್ಕಲ್ಲ, ರನ್‌ವೇ ಮೇಲೆ. ಬರುವ ಅಂಕಿಗಳು ಇವು:

ಫ್ರಾಂಕ್‌ಫರ್ಟ್: ಉತ್ತರ 50.03, ಪೂರ್ವ 8.57
ಲಿಸ್ಬನ್: ಉತ್ತರ 38.77, ಪಶ್ಚಿಮ 9.13

ಈಗ ನಿಧಾನ. ಗ್ರೀನ್‌ವಿಚ್ ರೇಖೆಯ ಪಶ್ಚಿಮಕ್ಕೆ ಇರುವ ರೇಖಾಂಶಕ್ಕೆ ಮೈನಸ್ ಬೀಳಬೇಕು. ಲಿಸ್ಬನ್ ಅಂದರೆ −9.13. ಅದನ್ನು ಕಳೆದರೆ 8.57 + 9.13 = 17.70 ಡಿಗ್ರಿ. ಮೈನಸ್ ಮರೆತವರಿಗೆ ಬರುವುದು 0.56. ಆ ಲೆಕ್ಕ ಮುಂದುವರಿಸಿದರೆ ದೂರ ಸುಮಾರು 1,250 ಕಿ.ಮೀ. ಬರುತ್ತದೆ. ನೋಡಲು ತಪ್ಪು ಅನ್ನಿಸುವುದೇ ಇಲ್ಲ, ಅದೇ ಅಪಾಯ. ಲಂಡನ್‌ನ ಹೀಥ್ರೂ, ಡಬ್ಲಿನ್, ಮ್ಯಾಡ್ರಿಡ್, ಪೋರ್ಟೊ, ರೇಕ್ಯವಿಕ್ ಎಲ್ಲವೂ ರೇಖೆಯ ಪಶ್ಚಿಮಕ್ಕೇ ಇವೆ. ಇವುಗಳಲ್ಲಿ ಒಂದು ಬಂತೆಂದರೆ ಮೊದಲು ಮೈನಸ್ ನೋಡಿ.

ಇನ್ನೆರಡು ಎಡವಟ್ಟುಗಳಿವೆ. ಕೆಲವು ಕಡೆ ಅಂಕಿಗಳು ಡಿಗ್ರಿ-ನಿಮಿಷದಲ್ಲಿ ಇರುತ್ತವೆ. 38 ಡಿಗ್ರಿ 46 ನಿಮಿಷ ಅಂದರೆ 38.46 ಅಲ್ಲ, 38.77. ನಿಮಿಷವನ್ನು 60ರಿಂದ ಭಾಗಿಸಬೇಕು. ಇಲ್ಲಿ ತಪ್ಪಿದರೆ ಪಿನ್ 30 ಕಿ.ಮೀ.ಗಿಂತ ಜಾಸ್ತಿ ಸರಿಯುತ್ತದೆ. ಎರಡನೆಯದು, ಕೆಲವು ತಂತ್ರಾಂಶಗಳು ರೇಖಾಂಶವನ್ನೇ ಮೊದಲು ಕೊಡುತ್ತವೆ. ಅದಲುಬದಲಾದರೆ ಫ್ರಾಂಕ್‌ಫರ್ಟ್ ಹೋಗಿ ಸೊಮಾಲಿಯಾದ ಕರಾವಳಿಯ ಹತ್ತಿರ ಕೂರುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪು, ಹಾಗಾಗಿ ಅಷ್ಟೇನೂ ಭಯವಿಲ್ಲ.

## ಹಂತ 3: ದೂರ ತೆಗೆಯಿರಿ

ಭೂಮಿಯ ಮೇಲೆ ಎರಡು ಜಾಗಗಳ ನಡುವಿನ ಅತಿ ಹತ್ತಿರದ ದಾರಿಗೆ ಗ್ರೇಟ್ ಸರ್ಕಲ್ ದೂರ ಅನ್ನುತ್ತಾರೆ. ಗೋಡೆಯ ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ಅಳೆದರೆ ಅದು ಸಿಗುವುದಿಲ್ಲ. ಉತ್ತರಕ್ಕೆ ಹೋದಷ್ಟೂ ಆ ಮ್ಯಾಪು ನೆಲವನ್ನು ಎಳೆದು ಹಿಗ್ಗಿಸಿರುತ್ತದೆ.

ಕೈಲೆಕ್ಕ ಹೀಗೆ. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ. ಹಿಡಿಯಿರಿ.

1. ಉತ್ತರ-ದಕ್ಷಿಣ: 50.03 − 38.77 = 11.26 ಡಿಗ್ರಿ. 111ರಿಂದ ಗುಣಿಸಿದರೆ 1,250 ಕಿ.ಮೀ.
2. ಮಧ್ಯದ ಅಕ್ಷಾಂಶ: ಎರಡನ್ನೂ ಕೂಡಿಸಿ ಅರ್ಧ ಮಾಡಿ, 44.40 ಡಿಗ್ರಿ. ಅದರ ಕೊಸೈನ್ 0.714.
3. ಪೂರ್ವ-ಪಶ್ಚಿಮ: 17.70 × 111 × 0.714 = 1,403 ಕಿ.ಮೀ.
4. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ: ಸುಮಾರು 1,879 ಕಿ.ಮೀ.

ಭೂಮಿಯ ಗೋಳಾಕಾರವನ್ನು ಲೆಕ್ಕಕ್ಕೆ ತರುವ ಪೂರ್ತಿ ಸೂತ್ರ ಹಾಕಿದರೆ ಬರುವುದು 1,875 ಕಿ.ಮೀ. ನಾಲ್ಕೇ ಕಿ.ಮೀ. ವ್ಯತ್ಯಾಸ. ಟಿಕೆಟ್ ನೋಡುವವರಿಗೆ ಇದು ಧಾರಾಳ ಸಾಕು.

ಕೊಸೈನ್ ಹತ್ತಿರ ಒಂದು ಗುಂಡಿ ಇದೆ. ಎಕ್ಸೆಲ್, ಗೂಗಲ್ ಶೀಟ್ಸ್ ಎರಡೂ ಕೋನವನ್ನು ಡಿಗ್ರಿ ಅಂತ ಓದುವುದಿಲ್ಲ, ಕೋನದ ಇನ್ನೊಂದು ಅಳತೆಯಾದ ರೇಡಿಯನ್ ಅಂತ ಓದುತ್ತವೆ. ಸುಮ್ನೆ 44.4 ಅಂತ ಹಾಕಿದರೆ 0.714 ಬದಲು 0.914 ಬರುತ್ತದೆ. ನೋಡಿದರೆ ಸರಿಯಾದ ಕೊಸೈನ್ ಥರವೇ ಇದೆ! ಮುಂದೆ ದೂರ 2,188 ಕಿ.ಮೀ. ಆಗುತ್ತದೆ, 300 ಕಿ.ಮೀ. ಸುಮ್ಮನೆ ಸೇರಿಕೊಂಡಿರುತ್ತದೆ. ಹಾಗಾಗಿ ಶೀಟ್‌ನಲ್ಲಿ ಮೊದಲು 60 ಡಿಗ್ರಿಯ ಕೊಸೈನ್ ಹಾಕಿ ನೋಡಿ. 0.5 ಬರಬೇಕು. ಬರಲಿಲ್ಲ ಅಂದರೆ ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿಲ್ಲ ಅಂತ ಅರ್ಥ.

ಈ ಕೈಲೆಕ್ಕಕ್ಕೂ ಮಿತಿ ಇದೆ. ತೀರಾ ಉತ್ತರಕ್ಕೆ, ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಹೋಗುವ ದಾರಿಗಳಲ್ಲಿ ಅದು ಜಾರುತ್ತದೆ. ಹೆಲ್ಸಿಂಕಿಯಿಂದ ಐಸ್‌ಲ್ಯಾಂಡಿನ ಕೆಫ್ಲಾವಿಕ್‌ಗೆ ಇದೇ ರೀತಿ ಲೆಕ್ಕ ಹಾಕಿದರೆ 2,500 ಕಿ.ಮೀ. ಬರುತ್ತದೆ. ನಿಜವಾದ ದೂರ ಸುಮಾರು 2,445. ಅಂಥ ಕಡೆ ಪೂರ್ತಿ ಸೂತ್ರ ಹಾಕಿರುವ ತಾಣವನ್ನೇ ಬಳಸಿ.

## ಹಂತ 4: ಅಳತೆಯ ಘಟಕ ನೋಡಿ, ತಾಳೆ ಹಾಕಿ

ಈಗ ಗ್ರೇಟ್ ಸರ್ಕಲ್ ಮ್ಯಾಪರ್ ತೆರೆಯಬಹುದು. 1,875 ಬರಲಿಲ್ಲ, 1,165 ಬಂತು ಅಂದರೆ ಗಾಬರಿ ಬೇಡ, ಅದು ಮೈಲಿ. 1,012 ಬಂದರೆ ಹಡಗು, ವಿಮಾನದವರು ಬಳಸುವ ನಾಟಿಕಲ್ ಮೈಲಿ. ಮೈಲಿಯನ್ನು 1.609ರಿಂದ, ನಾಟಿಕಲ್ ಮೈಲಿಯನ್ನು 1.852ರಿಂದ ಗುಣಿಸಿದರೆ ಕಿ.ಮೀ. ಸಿಗುತ್ತದೆ. ಇವೆರಡನ್ನೂ ಒಂದೇ ಅಂದುಕೊಳ್ಳುವುದೇ ಇಲ್ಲಿ ಆಗುವ ತಪ್ಪು.

## ಹಂತ 5: ವಿಮಾನ ನಿಜವಾಗಿ ಹಾರುವ ದಾರಿ

ಗ್ರೇಟ್ ಸರ್ಕಲ್ ಗೆರೆ ಫ್ರಾನ್ಸಿನ ಮೇಲೆ ಓರೆಯಾಗಿ ಇಳಿದು, ಬೋರ್ಡೋ ಸುತ್ತಮುತ್ತ ದಾಟಿ, ಬಿಸ್ಕೆ ಕೊಲ್ಲಿಯ ಅಂಚಿನಲ್ಲಿ ಸಾಗಿ ಉತ್ತರ ಸ್ಪೇನ್ ಸೇರುತ್ತದೆ. ವಿಮಾನ ಆ ಗೆರೆಯನ್ನು ಹಿಡಿದುಕೊಂಡೇ ಹೋಗುವುದಿಲ್ಲ. ಗಾಳಿ ಯಾವ ಕಡೆಗಿದೆಯೋ ಅದನ್ನು ನೋಡಿ ರನ್‌ವೇ ಆಗುತ್ತದೆ, ಏರಿದ ಮೇಲೆ ತಿರುಗಬೇಕು, ಇಳಿಯುವಾಗ ಸಾಲಿನಲ್ಲಿ ಬರಬೇಕು, ಮಿಲಿಟರಿ ಪ್ರದೇಶ ಇದ್ದರೆ ಸುತ್ತಬೇಕು. ಈ ದಾರಿಗೆ ನಾನು ಸುಮಾರು ಶೇ 4 ಸೇರಿಸುತ್ತೇನೆ. 1,875 ಹೋಗಿ 1,950 ಆಗುತ್ತದೆ.

ಎಲ್ಲ ಕಡೆಯೂ ಶೇ 4 ಸಾಲುವುದಿಲ್ಲ. ಉಕ್ರೇನಿನ ಆಕಾಶ 2022ರ ಫೆಬ್ರುವರಿ 24ರಿಂದ ನಾಗರಿಕ ವಿಮಾನಗಳಿಗೆ ಮುಚ್ಚಿದೆ. ಲಿಥುವೇನಿಯಾದ ವಿಲ್ನಿಯಸ್‌ನಿಂದ ಇಸ್ತಾಂಬುಲ್‌ಗೆ ಗೆರೆ ಎಳೆದರೆ ಅದು ಬೆಲಾರೂಸ್, ಉಕ್ರೇನ್ ಮೇಲೇ ಹೋಗುತ್ತದೆ. ವಿಮಾನ ಮಾತ್ರ ಪೋಲೆಂಡ್ ಕಡೆಯಿಂದ ಬಳಸಿಕೊಂಡು ಬರಬೇಕು. ಪೂರ್ವ ಯೂರೋಪಿನ ಉತ್ತರ-ದಕ್ಷಿಣ ದಾರಿಗಳಿಗೆ, ವಿಮಾನಗಳ ಜಾಡು ತೋರಿಸುವ ತಾಣ ಫ್ಲೈಟ್‌ರೇಡಾರ್24ನಲ್ಲಿ ಹಿಂದಿನ ದಿನದ ಹಾರಾಟ ನೋಡಿ ದೂರ ಹಿಡಿಯಿರಿ.

## ಹಂತ 6: ಆಕಾಶದ ಹೊತ್ತು

ಏರ್‌ಬಸ್ 320ರಂಥ ವಿಮಾನ 11 ಕಿ.ಮೀ. ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಸಾಗುತ್ತದೆ. 1,950ನ್ನು 830ರಿಂದ ಭಾಗಿಸಿಬಿಡೋಣ ಅನ್ನಿಸುತ್ತದೆ. ಬೇಡ. ಏರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ. ಹಾರಾಟವನ್ನು ಮೂರು ತುಂಡು ಮಾಡಿ.

ಏರುವುದು: ಸುಮಾರು 25 ನಿಮಿಷ, ಅಷ್ಟರಲ್ಲಿ 230 ಕಿ.ಮೀ.
ಇಳಿಯುವುದು: ಸುಮಾರು 25 ನಿಮಿಷ, 220 ಕಿ.ಮೀ.
ಮಧ್ಯದ ಸಪಾಟು ಹಾರಾಟ: ಉಳಿದ 1,500 ಕಿ.ಮೀ.

ಗಾಳಿಯನ್ನು ಲೆಕ್ಕಕ್ಕೆ ತರಬೇಕಾದ್ದು ಈ ಮಧ್ಯದ ತುಂಡಿಗೆ. ಯೂರೋಪಿನ ಮೇಲೆ ಅಷ್ಟು ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಜೋರಾಗಿ. ಗಂಟೆಗೆ 80 ಕಿ.ಮೀ. ಗಾಳಿ ಅಂತ ಇಟ್ಟುಕೊಳ್ಳಿ. ಲಿಸ್ಬನ್‌ಗೆ ಹೋಗುವಾಗ ಅದು ಎದುರುಗಾಳಿ, ನೆಲದ ಲೆಕ್ಕದಲ್ಲಿ ವೇಗ 750ಕ್ಕೆ ಇಳಿಯುತ್ತದೆ. 1,500 ಕಿ.ಮೀ.ಗೆ 2 ಗಂಟೆ ಬೇಕು. ವಾಪಸ್ ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ, ವೇಗ 910. ಆಗ 1 ಗಂಟೆ 39 ನಿಮಿಷ ಸಾಕು.

ಒಟ್ಟು ಹಾರಾಟ ಹೋಗುವಾಗ 2 ಗಂಟೆ 50 ನಿಮಿಷ, ಬರುವಾಗ 2 ಗಂಟೆ 29 ನಿಮಿಷ. ಒಂದೇ ದಾರಿಗೆ ಎರಡು ಹೊತ್ತು ಯಾಕೆ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ ಹಂತ 8ರಲ್ಲಿ ಸಿಗುತ್ತದೆ.

## ಹಂತ 7: ನೆಲದ ಮೇಲಿನ ನಿಮಿಷಗಳನ್ನು ಸೇರಿಸಿ

ಟಿಕೆಟ್‌ನಲ್ಲಿ ಇರುವ ಹೊರಡುವ ಸಮಯ ವಿಮಾನ ಮೇಲೇರುವ ಸಮಯ ಅಲ್ಲ. ಗೇಟ್ ಬಿಟ್ಟು ಹಿಂದಕ್ಕೆ ಸರಿಯುವ ಸಮಯ. ತಲುಪುವ ಸಮಯ ಅಂದರೆ ಗೇಟ್ ಮುಟ್ಟಿ ನಿಲ್ಲುವ ಸಮಯ. ಮೆಜೆಸ್ಟಿಕ್‌ನಲ್ಲಿ ಬಸ್ ಪ್ಲಾಟ್‌ಫಾರ್ಮ್ ಬಿಟ್ಟ ಹೊತ್ತೂ ಅದು ಹೈವೇ ಹತ್ತಿದ ಹೊತ್ತೂ ಬೇರೆ ಬೇರೆ ತಾನೇ? ಗೇಟ್‌ನಿಂದ ಗೇಟ್‌ವರೆಗಿನ ಈ ಹೊತ್ತಿಗೆ ಬ್ಲಾಕ್ ಟೈಮ್ ಅನ್ನುತ್ತಾರೆ.

ಫ್ರಾಂಕ್‌ಫರ್ಟ್ ದೊಡ್ಡ ನಿಲ್ದಾಣ, ಅಲ್ಲಿ ರನ್‌ವೇ ತಲುಪಲು 15 ನಿಮಿಷ ಇಟ್ಟುಕೊಳ್ಳಿ. ಲಿಸ್ಬನ್‌ನಲ್ಲಿ ಇಳಿದ ಮೇಲೆ ಗೇಟ್ ಸೇರಲು 7 ನಿಮಿಷ. ಹೋಗುವಾಗ ಒಟ್ಟು 3 ಗಂಟೆ 12 ನಿಮಿಷ. ಬರುವಾಗಲೂ ಇಷ್ಟೇ ನಿಮಿಷ ಹಿಡಿದರೆ 2 ಗಂಟೆ 51 ನಿಮಿಷ. ವೇಳಾಪಟ್ಟಿಯಲ್ಲೂ ಹೋಗುವಾಗ 3 ಗಂಟೆಗಿಂತ ಸ್ವಲ್ಪ ಜಾಸ್ತಿ, ಬರುವಾಗ 3 ಗಂಟೆಯ ಆಸುಪಾಸಿನಲ್ಲೇ ಇರುತ್ತದೆ.

ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲದವರು ದೂರವನ್ನು 800ರಿಂದ ಭಾಗಿಸಿ 45 ನಿಮಿಷ ಸೇರಿಸಿ. 1,875ಕ್ಕೆ 3 ಗಂಟೆ 6 ನಿಮಿಷ ಬರುತ್ತದೆ. ಆದರೆ ಕೊನೆಗೆ ನಂಬಬೇಕಾದ್ದು ಕಂಪನಿಯ ವೇಳಾಪಟ್ಟಿಯನ್ನೇ. ನಿಮ್ಮ ಲೆಕ್ಕ ಇರುವುದು ಅದನ್ನು ಓದುವಾಗ ಎಡವದಿರಲು. ನಿಮ್ಮ ಉತ್ತರಕ್ಕೂ ವೇಳಾಪಟ್ಟಿಗೂ ಅರ್ಧ ಗಂಟೆಗಿಂತ ಜಾಸ್ತಿ ಅಂತರ ಬಂದರೆ ಎಲ್ಲೋ ತಪ್ಪಿದೆ ಅಂತ ತಿಳಿಯಿರಿ: ನಿಲ್ದಾಣ, ಮೈನಸ್, ಇಲ್ಲವೇ ಟೈಮ್ ಝೋನ್. ಮಧ್ಯದಲ್ಲಿ ವಿಮಾನ ಬದಲಿಸುವ ಟಿಕೆಟ್ಟನ್ನು ನೇರ ವಿಮಾನ ಅಂತ ಓದಿರುವುದೂ ಉಂಟು.

## ಹಂತ 8: ಗಡಿಯಾರ ಈಗ ಮುಟ್ಟಿ

ಟಿಕೆಟ್‌ನಲ್ಲಿ ಎಲ್ಲ ಸಮಯವೂ ಆಯಾ ಊರಿನದು. ಜರ್ಮನಿ ಪೋರ್ಚುಗಲ್‌ಗಿಂತ ಒಂದು ಗಂಟೆ ಮುಂದೆ. ಅಲ್ಲಲ್ಲೇ ಕೂಡಿಸಿ ಕಳೆಯಲು ಹೋಗಬೇಡಿ, ಎರಡನ್ನೂ ಯುಟಿಸಿಗೆ, ಅಂದರೆ ಎಲ್ಲ ದೇಶಗಳ ಗಡಿಯಾರಕ್ಕೂ ಆಧಾರವಾದ ಸಮಯಕ್ಕೆ, ತನ್ನಿ.

ಜುಲೈ ತಿಂಗಳ ಒಂದು ಉದಾಹರಣೆ. ಫ್ರಾಂಕ್‌ಫರ್ಟ್ ಬಿಡುವುದು 13:00, ಲಿಸ್ಬನ್ ತಲುಪುವುದು 15:10. ಬೇಸಿಗೆಯಲ್ಲಿ ಜರ್ಮನಿ ಯುಟಿಸಿಗಿಂತ 2 ಗಂಟೆ ಮುಂದೆ, ಹಾಗಾಗಿ 11:00. ಪೋರ್ಚುಗಲ್ 1 ಗಂಟೆ ಮುಂದೆ, ಹಾಗಾಗಿ 14:10. ನಡುವಿನ ಹೊತ್ತು 3 ಗಂಟೆ 10 ನಿಮಿಷ. ವಾಪಸ್ ಲಿಸ್ಬನ್ ಬಿಡುವುದು 16:00, ಫ್ರಾಂಕ್‌ಫರ್ಟ್ 20:00. ಯುಟಿಸಿಯಲ್ಲಿ 15:00ರಿಂದ 18:00, ಅಂದರೆ 3 ಗಂಟೆ. ಮೊದಲು ಕೇಳಿದ "2 ಗಂಟೆ 10, 4 ಗಂಟೆ" ಇದೇ.

ಬೆಂಗಳೂರಿನಲ್ಲಿ ಕಾಯುತ್ತಿರುವ ಮನೆಯವರಿಗೆ ಹೇಳಬೇಕಾದರೆ ಯುಟಿಸಿಗೆ ಐದೂವರೆ ಗಂಟೆ ಸೇರಿಸಿ. 14:10 ಅಂದರೆ ನಮ್ಮಲ್ಲಿ ಸಂಜೆ 7:40.

ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆ ಸಮಯ ಮಾರ್ಚ್ ಕೊನೆಯ ಭಾನುವಾರ ಶುರು, ಅಕ್ಟೋಬರ್ ಕೊನೆಯ ಭಾನುವಾರ ಮುಗಿಯುತ್ತದೆ. ಯೂರೋಪಿಯನ್ ಒಕ್ಕೂಟದ ದೇಶಗಳು ಒಟ್ಟಿಗೇ ಬದಲಿಸುತ್ತವೆ, ಹಾಗಾಗಿ ಫ್ರಾಂಕ್‌ಫರ್ಟ್–ಲಿಸ್ಬನ್ ಅಂತರ ವರ್ಷವಿಡೀ ಒಂದೇ ಗಂಟೆ. ಟರ್ಕಿ, ಐಸ್‌ಲ್ಯಾಂಡ್ ಬದಲಿಸುವುದಿಲ್ಲ. ಫ್ರಾಂಕ್‌ಫರ್ಟ್–ಇಸ್ತಾಂಬುಲ್ ಅಂತರ ಬೇಸಿಗೆಯಲ್ಲಿ 1 ಗಂಟೆ, ಚಳಿಗಾಲದಲ್ಲಿ 2. ದೇಶ ನೋಡಿ ಸಮಯ ಊಹಿಸುವುದೂ ಬೇಡ. ಕ್ಯಾನರಿ ದ್ವೀಪಗಳು ಸ್ಪೇನಿನವು, ಆದರೆ ಗಡಿಯಾರ ಲಿಸ್ಬನ್‌ನದು. ಅಜೋರ್ಸ್ ಪೋರ್ಚುಗಲ್‌ನದು, ಆದರೆ ಲಿಸ್ಬನ್‌ಗಿಂತ ಒಂದು ಗಂಟೆ ಹಿಂದೆ.

## ಹಂತ 9: ಮನೆ ಬಾಗಿಲಿನಿಂದ ಹೋಟೆಲ್ ಬಾಗಿಲಿಗೆ

ಫ್ರಾಂಕ್‌ಫರ್ಟ್ ಮುಖ್ಯ ರೈಲು ನಿಲ್ದಾಣದಿಂದ ಏರ್‌ಪೋರ್ಟ್‌ಗೆ ಎಸ್8, ಎಸ್9 ರೈಲುಗಳಲ್ಲಿ ಕಾಲು ಗಂಟೆಯೂ ಬೇಡ. ಎರಡು ಗಂಟೆ ಮುಂಚೆ ತಲುಪಿ. ಲಿಸ್ಬನ್‌ನಲ್ಲಿ ಬ್ಯಾಗಿಗೆ ಅರ್ಧ ಗಂಟೆ, ಆಮೇಲೆ ಮೆಟ್ರೋದ ಕೆಂಪು ಲೈನಿನಲ್ಲಿ ಸಲ್ದಾನ್ಯಾ ನಿಲ್ದಾಣದವರೆಗೆ ಸುಮಾರು 20 ನಿಮಿಷ. 3 ಗಂಟೆಯ ವಿಮಾನಕ್ಕೆ ದಿನದ 6 ಗಂಟೆ ಹೋಯಿತು ಅಂತಲೇ ಇಟ್ಟುಕೊಳ್ಳಿ.

ಬೆಂಗಳೂರಿನಿಂದ ಬಂದು ಅಲ್ಲಿ ವಿಮಾನ ಬದಲಿಸುವವರ ಲೆಕ್ಕ ಬೇರೆ. ಪೋರ್ಚುಗಲ್ ಕೂಡ ಷೆಂಗೆನ್ (ತಮ್ಮೊಳಗೆ ಗಡಿ ತಪಾಸಣೆ ಇಲ್ಲದ ಯೂರೋಪಿನ ದೇಶಗಳ ಗುಂಪು) ಒಳಗಿದೆ, ಹಾಗಾಗಿ ಪಾಸ್‌ಪೋರ್ಟ್ ತಪಾಸಣೆ ಆಗುವುದು ಫ್ರಾಂಕ್‌ಫರ್ಟ್‌ನಲ್ಲೇ. ಲಿಸ್ಬನ್‌ನಲ್ಲಿ ಇಳಿದವರು ನೇರ ಬ್ಯಾಗಿನ ಕಡೆಗೆ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ವ್ಯವಸ್ಥೆಯಲ್ಲಿ ಮೊದಲ ಸಲ ಬರುವವರ ಬೆರಳಚ್ಚು, ಫೋಟೋ ತೆಗೆದುಕೊಳ್ಳುತ್ತಾರೆ. ಸಾಲು ನಿಧಾನ. ಆಮೇಲೆ ಕೈಚೀಲದ ಸೆಕ್ಯುರಿಟಿ ಇನ್ನೊಂದು ಸಲ. ಒಂದು ಗಂಟೆಯ ಕನೆಕ್ಷನ್ ಮಾರುತ್ತಾರೆ ಅನ್ನೋ ಕಾರಣಕ್ಕೆ ಅದನ್ನು ತೆಗೆದುಕೊಳ್ಳಬೇಡಿ, ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಎಚ್ಚರಿಕೆಯ ಗುರುತುಗಳು ಎರಡು. ಒಂದು, ಎರಡು ಬೇರೆ ಬೇರೆ ಟಿಕೆಟ್. ಬ್ಯಾಗ್ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕು, ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿಗೆ ಅದರ ಹೊಣೆ ಇಲ್ಲ. ಎರಡು, ರಾತ್ರಿಯ ಕೊನೆಯ ವಿಮಾನ. ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ನಿಗದಿತ ಹಾರಾಟ ಇಲ್ಲ. ರಾತ್ರಿ 10:30ಕ್ಕೆ ಹೊರಡಬೇಕಾದದ್ದು ತುಂಬ ತಡವಾದರೆ ಮರುದಿನಕ್ಕೆ ಹೋಗುವ ಸಾಧ್ಯತೆ ಜಾಸ್ತಿ.

## ಹಂತ 10: ವಿಮಾನ ತಡವಾದರೆ, ಯಾವ ದೂರ ಹಿಡಿಯಬೇಕು?

ಹಂತ 3ರ ದೂರಕ್ಕೆ ದುಡ್ಡಿನ ಬೆಲೆ ಬರುವುದು ಇಲ್ಲಿ. ಯೂರೋಪಿಯನ್ ಒಕ್ಕೂಟದ 261/2004 ನಿಯಮದಂತೆ, ಕಂಪನಿಯ ಕಾರಣದಿಂದ 3 ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲುಪಿದರೆ ಪರಿಹಾರ ಕೇಳಬಹುದು. 1,500 ಕಿ.ಮೀ.ವರೆಗೆ 250 ಯೂರೋ. ಅದಕ್ಕಿಂತ ಜಾಸ್ತಿ ಇದ್ದು ಒಕ್ಕೂಟದ ಒಳಗೇ ಇದ್ದರೆ 400. ಒಕ್ಕೂಟದ ಹೊರಗೆ 3,500 ದಾಟಿದರೆ 600, ಆದರೆ 4 ಗಂಟೆ ತುಂಬುವ ಮೊದಲೇ ತಲುಪಿದರೆ ಅದರಲ್ಲಿ ಅರ್ಧ ಕಡಿತವಾಗಬಹುದು. ಕೆಟ್ಟ ಹವಾಮಾನದಂಥ ಕಾರಣಕ್ಕೆ ದುಡ್ಡಿಲ್ಲ. ಈ ನಿಯಮವನ್ನೇ ಬದಲಿಸುವ ಮಾತುಕತೆ ನಡೆದಿದೆ, ಹಾಗಾಗಿ ಅರ್ಜಿ ಹಾಕುವ ದಿನ ಜಾರಿಯಲ್ಲಿರುವುದನ್ನೇ ನೋಡಿ.

ಹಿಡಿಯಬೇಕಾದ್ದು ಗ್ರೇಟ್ ಸರ್ಕಲ್ ದೂರವನ್ನು, ವಿಮಾನ ಹಾರಿದ ದೂರವನ್ನಲ್ಲ. ನಿಯಮದಲ್ಲೇ ಹಾಗಿದೆ. ಫ್ರಾಂಕ್‌ಫರ್ಟ್–ಲಿಸ್ಬನ್ 1,875, ಅಂದರೆ 400 ಯೂರೋ. ಫ್ರಾಂಕ್‌ಫರ್ಟ್–ಮ್ಯಾಡ್ರಿಡ್ 1,422. ಆ ದಿನ ವಿಮಾನ ಬಳಸಿಕೊಂಡು 1,520 ಕಿ.ಮೀ. ಹಾರಿದ್ದರೂ ಸಿಗುವುದು 250 ಮಾತ್ರ. ಮಧ್ಯದಲ್ಲಿ ವಿಮಾನ ಬದಲಿಸಿದ್ದರೆ ಎರಡು ತುಂಡುಗಳ ದೂರ ಕೂಡಿಸುವುದೂ ತಪ್ಪು. ಒಂದೇ ಬುಕಿಂಗ್ ಆದರೆ ಮೊದಲು ಹತ್ತಿದ ಊರಿನಿಂದ ಕೊನೆಗೆ ಇಳಿಯುವ ಊರಿಗೆ ಒಂದೇ ಗೆರೆ. ಬೆಂಗಳೂರಿನಿಂದ ಲಿಸ್ಬನ್‌ಗೆ ಯೂರೋಪಿಯನ್ ಒಕ್ಕೂಟದ ಕಂಪನಿಯಲ್ಲಿ ಒಂದೇ ಬುಕಿಂಗ್ ಮಾಡಿದವರು ಹಾಗೇ 3,500 ದಾಟುತ್ತಾರೆ. ಬೆಂಗಳೂರಿನಿಂದ ಹೊರಡುವ ಭಾರತದ ಅಥವಾ ಕೊಲ್ಲಿ ದೇಶಗಳ ಕಂಪನಿಯ ವಿಮಾನಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.

ಪರಿಹಾರದ ಲೆಕ್ಕಕ್ಕೆ ತಲುಪಿದ ಸಮಯ ಅಂದರೆ ಚಕ್ರ ನೆಲ ಮುಟ್ಟಿದ್ದಲ್ಲ, ಗೇಟ್‌ನಲ್ಲಿ ನಿಂತದ್ದೂ ಅಲ್ಲ. ಯೂರೋಪಿಯನ್ ನ್ಯಾಯಾಲಯ 2014ರಲ್ಲಿ ಹೇಳಿದ ಪ್ರಕಾರ ವಿಮಾನದ ಒಂದು ಬಾಗಿಲಾದರೂ ತೆರೆದು ಪ್ರಯಾಣಿಕರು ಇಳಿಯಬಹುದಾದ ಹೊತ್ತು. 2 ಗಂಟೆ 55 ನಿಮಿಷ ತಡವಾಗಿ ನೆಲ ಮುಟ್ಟಿ, ಬಾಗಿಲು ತೆರೆಯುವಷ್ಟರಲ್ಲಿ 3 ಗಂಟೆ 4 ನಿಮಿಷ ಆಗಿದ್ದರೆ ನಿಮಗೆ ಹಕ್ಕಿದೆ. ಬಾಗಿಲು ತೆರೆದಾಗ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ, ಸಮಯ ಅದರಲ್ಲೇ ಉಳಿಯುತ್ತದೆ. ಫೋನ್ ಇನ್ನೂ ಹಳೆಯ ಊರಿನ ಗಡಿಯಾರದಲ್ಲೇ ಇದೆಯಾ ಅಂತಲೂ ನೋಡಿಕೊಳ್ಳಿ. ಅರ್ಜಿ ಹೋಗಬೇಕಾದ್ದು ವಿಮಾನ ಹಾರಿಸಿದ ಕಂಪನಿಗೆ. ಟಿಕೆಟ್ ಮಾರಿದ ಕಂಪನಿ ಬೇರೆ ಇರಬಹುದು, ಬೋರ್ಡಿಂಗ್ ಪಾಸ್‌ನ ಸಣ್ಣ ಅಕ್ಷರಗಳಲ್ಲಿ ಹಾರಿಸಿದವರ ಹೆಸರು ಇರುತ್ತದೆ.